ದೊಡ್ಡ ವ್ಯವಹಾರಕ್ಕೆ ಡೇಟಾಬೇಸ್ ಆರಿಸುವುದು ಹೇಗೆ? ಹೆಸರು ಆಮೇಲೆ, ಮೊದಲು ಲೆಕ್ಕ

‘ನಮ್ಮದು ದೊಡ್ಡ ಕಂಪನಿ, ಒರಾಕಲ್ಲೇ ಬೇಕಾ, ಪೋಸ್ಟ್‌ಗ್ರೆಸ್ ತಡೆಯುತ್ತಾ?’ ‘ಡೇಟಾ ಜಾಸ್ತಿಯಾದರೆ ಮೊಂಗೋಡಿಬಿಗೆ ಹೋಗಲೇಬೇಕಂತೆ, ಹೌದಾ?’ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಅದರಲ್ಲಿ ಡೇಟಾಬೇಸ್‌ಗಳ ಹೆಸರು ಇರುತ್ತದೆ, ಆ ಡೇಟಾಬೇಸ್ ಮಾಡಬೇಕಾದ ಕೆಲಸ ಎಷ್ಟು ಅನ್ನುವ ಅಂಕಿ ಇರುವುದಿಲ್ಲ. ಅಂಕಿ ಇಲ್ಲದೆ ಯಾರು ಏನೇ ಹೇಳಿದರೂ ಅದು ಅವರವರ ಇಷ್ಟಾನಿಷ್ಟ, ಅಷ್ಟೇ. ಹಾಗಾಗಿ ಈ ಸಲ ಹಂತ ಹಂತವಾಗಿ ಬರೆದಿದ್ದೇನೆ.

ಆರ್ಡರ್, ಬಿಲ್ಲಿಂಗ್, ಸ್ಟಾಕ್, ಪಾವತಿ ಇವನ್ನೆಲ್ಲ ಒಂದೇ ಕಡೆ ನಡೆಸಬೇಕಾದ ತಂಡಗಳಿಗೆ ಇದು. ಹಳೆಯ ಡೇಟಾಬೇಸ್ ಬಿಟ್ಟು ಹೊಸದಕ್ಕೆ ಹೋಗಬೇಕು ಅಂತಿರುವವರಿಗೂ ಉಪಯೋಗವಾಗುತ್ತದೆ.

ಶುರು ಮಾಡುವ ಮೊದಲು ಬೇಕಾದದ್ದು

ಮೂರು ಜನ ಬೇಕು. ವ್ಯವಹಾರ ಗೊತ್ತಿರುವವರು ಒಬ್ಬರು, ಕೋಡ್ ಬರೆಯುವವರು ಒಬ್ಬರು, ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ನಿಂತರೆ ಎದ್ದು ಕೂರುವವರು ಒಬ್ಬರು. ಮೂರನೆಯವರನ್ನು ಮೀಟಿಂಗಿಗೆ ಕರೆಯುವುದೇ ಇಲ್ಲ ನೋಡಿ. ಅವರ ಮಾತಿಗೇ ಜಾಸ್ತಿ ತೂಕ ಕೊಡಿ.

ಇನ್ನೊಂದು, ಈಗ ನಡೆಯುತ್ತಿರುವ ವ್ಯವಸ್ಥೆಯ ಲಾಗ್‌ಗಳು, ಅಂದರೆ ಯಾವಾಗ ಏನು ನಡೆಯಿತು ಅನ್ನುವ ದಾಖಲೆಗಳು. ಕನಿಷ್ಠ ಒಂದು ತಿಂಗಳದ್ದು, ತಿಂಗಳ ಕೊನೆಯ ದಿನವೂ ಅದರಲ್ಲಿ ಸೇರಿರಬೇಕು. ವ್ಯವಸ್ಥೆಯೇ ಹೊಸದಾದರೆ ವ್ಯವಹಾರದವರ ಅಂದಾಜು ತೆಗೆದುಕೊಳ್ಳಿ. ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಹಂತ 1: ಹೊರೆಯನ್ನು ಅಂಕಿಯಲ್ಲಿ ಬರೆಯಿರಿ

‘ತುಂಬಾ ಟ್ರಾಫಿಕ್ ಇದೆ’ ಅನ್ನುವುದು ಅಂಕಿ ಅಲ್ಲ. ಒಂದು ಉದಾಹರಣೆ ಲೆಕ್ಕ ಮಾಡಿ ನೋಡೋಣ. ದಿನಕ್ಕೆ 10 ಲಕ್ಷ ಆರ್ಡರ್ ಅಂದುಕೊಳ್ಳಿ. ಕೇಳಲು ದೊಡ್ಡದಾಗಿದೆ, ಅಲ್ವಾ? ಒಂದು ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 12 ಆರ್ಡರ್.

ಆದರೆ ಆರ್ಡರ್‌ಗಳು ದಿನವಿಡೀ ಒಂದೇ ಸಮನೆ ಬರುವುದಿಲ್ಲ. ಅರ್ಧದಷ್ಟು ಸಂಜೆಯ ಎರಡು ಗಂಟೆಯಲ್ಲೇ ಬರುತ್ತವೆ ಅಂತಿಟ್ಟುಕೊಳ್ಳಿ. ಆಗ ಸೆಕೆಂಡಿಗೆ 70. ರಿಯಾಯಿತಿ ಮಾರಾಟದ ದಿನ ಅದರ ಮೂರರಷ್ಟು ಅಂದರೆ 210. ಒಂದು ಆರ್ಡರ್‌ಗೆ 15 ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ ಅಥವಾ ಆದೇಶ, ಓಡಿದರೆ ಸೆಕೆಂಡಿಗೆ 3,150 ಕ್ವೆರಿ. ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಸರಿಯಾಗಿರುವ ಸರಳ ಕ್ವೆರಿಗಳಾದರೆ, ಒಳ್ಳೆಯ ಎಸ್‌ಎಸ್‌ಡಿ ಡಿಸ್ಕ್ ಇರುವ ಒಂದೇ ಸರ್ವರ್‌ನಲ್ಲಿ ಹೆಸರಾಂತ ಯಾವ ಡೇಟಾಬೇಸ್ ಆದರೂ ಇದನ್ನು ಎಳೆದುಬಿಡುತ್ತದೆ.

ಈಗ ಜಾಗ. ಒಂದು ಆರ್ಡರ್‌ಗೆ ಆರು ಸಾಲು ಹಿಡಿಯಿರಿ: ಆರ್ಡರ್‌ದು ಒಂದು, ವಸ್ತುಗಳದು ನಾಲ್ಕು, ಪಾವತಿಯದು ಒಂದು. ಒಂದು ಸಾಲಿಗೆ 300 ಬೈಟ್. ದಿನಕ್ಕೆ 1.8 ಜಿಬಿ ಆಯಿತು. ಇಂಡೆಕ್ಸ್‌ಗಳಿಗೂ ಅಷ್ಟೇ ಅಂದರೆ 3.6 ಜಿಬಿ. ವರ್ಷಕ್ಕೆ ಸುಮಾರು 1.3 ಟಿಬಿ.

ಈ ಎರಡು ಪ್ಯಾರಾದ ಲೆಕ್ಕ ಮಾಡಿದ ಮೇಲೆ ‘ನಮ್ಮ ಡೇಟಾ ಒಂದು ಸರ್ವರ್‌ಗೆ ಹಿಡಿಸಲ್ಲ’ ಅನ್ನುವ ಮಾತು ಬಹಳ ಕಡೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ನಿಮ್ಮದು ನಿಜಕ್ಕೂ ದೊಡ್ಡ ಹೊರೆ. ಹಾಗಿದ್ದರೆ ಮುಂದಿನ ಹಂತಗಳನ್ನು ಇನ್ನೂ ನಿಧಾನವಾಗಿ ಓದಿ.

ಹಾಳೆಯಲ್ಲಿ ಇಷ್ಟು ಇರಲಿ: ಪೀಕ್ ಸಮಯದ ಸೆಕೆಂಡಿನ ಬರವಣಿಗೆ ಎಷ್ಟು, ಓದು ಎಷ್ಟು, ಈಗಿನ ಡೇಟಾ ಎಷ್ಟು, ತಿಂಗಳಿಗೆ ಬೆಳೆಯುವುದು ಎಷ್ಟು, ಒಂದು ಕೆಲಸ ಎಷ್ಟು ಹೊತ್ತಿನಲ್ಲಿ ಮುಗಿಯಬೇಕು, ಹಳೆಯ ಡೇಟಾ ಎಷ್ಟು ವರ್ಷ ಇಡಬೇಕು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಕಾನೂನಿನ ಪ್ರಕಾರ ಎಂಟು ವರ್ಷ ಇಡಬೇಕು ಅಂತಾದರೆ ಮೇಲಿನ 1.3 ಟಿಬಿ 10 ಟಿಬಿ ದಾಟುತ್ತದೆ.

ಎಚ್ಚರಿಕೆ: ಸರಾಸರಿ ನೋಡಿ ಯಂತ್ರ ಕೊಳ್ಳಬೇಡಿ. ಹಾಗೆಯೇ, ಐದು ವರ್ಷದಲ್ಲಿ ನೂರು ಪಟ್ಟು ಬೆಳೆಯುತ್ತೇವೆ ಅಂತ ಮಾರ್ಕೆಟಿಂಗ್‌ನವರು ಹೇಳಿದ ಅಂಕಿಗೂ ಕೊಳ್ಳಬೇಡಿ.

ಹಂತ 2: ಕೆಲಸ ಯಾವ ಬಗೆಯದು ನೋಡಿ

ಡೇಟಾಬೇಸ್ ಕೆಲಸದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವಹಿವಾಟು, ಇದಕ್ಕೆ ಓಎಲ್‌ಟಿಪಿ ಅಂತಾರೆ. ಒಂದು ಆರ್ಡರ್ ಹಾಕು, ಒಂದು ಬಿಲ್ ತೆಗೆ, ಒಂದು ಸ್ಟಾಕ್ ಕಳೆ. ಕೆಲವೇ ಸಾಲು ಮುಟ್ಟುವ, ತಕ್ಷಣ ಮುಗಿಯಬೇಕಾದ ಸಾವಿರಾರು ಸಣ್ಣ ಕೆಲಸಗಳು. ಇನ್ನೊಂದು ವಿಶ್ಲೇಷಣೆ, ಇದು ಓಎಲ್‌ಎಪಿ. ಕಳೆದ ಮೂರು ವರ್ಷದಲ್ಲಿ ಯಾವ ವಸ್ತು ಯಾವ ತಿಂಗಳು ಎಷ್ಟು ಹೋಯಿತು ಅನ್ನುವಂಥದ್ದು. ಕ್ವೆರಿ ಕಡಿಮೆ, ಆದರೆ ಒಂದೊಂದೂ ಕೋಟಿಗಟ್ಟಲೆ ಸಾಲು ಓದುತ್ತದೆ.

ಇವೆರಡಕ್ಕೂ ಒಳಗಿನ ವಿನ್ಯಾಸವೇ ಬೇರೆ. ವಹಿವಾಟಿನ ಡೇಟಾಬೇಸ್ ಒಂದು ಸಾಲಿನ ಎಲ್ಲ ಕಾಲಂಗಳನ್ನೂ ಡಿಸ್ಕಿನಲ್ಲಿ ಒಟ್ಟಿಗೆ ಇಡುತ್ತದೆ. ವಿಶ್ಲೇಷಣೆಯದು ಒಂದು ಕಾಲಂನ ಎಲ್ಲ ಮೌಲ್ಯಗಳನ್ನು ಒಟ್ಟಿಗೆ ಇಡುತ್ತದೆ. ಕ್ಲಿಕ್‌ಹೌಸ್, ಸ್ನೋಫ್ಲೇಕ್, ಬಿಗ್‌ಕ್ವೆರಿ, ರೆಡ್‌ಶಿಫ್ಟ್ ಈ ಎರಡನೇ ಜಾತಿ. 60 ಕಾಲಂ ಇರುವ ಟೇಬಲ್‌ನಲ್ಲಿ ಎರಡೇ ಕಾಲಂ ಕೂಡಿಸಬೇಕಾದರೆ ಇವು ಆ ಎರಡನ್ನು ಮಾತ್ರ ಓದುತ್ತವೆ. ಆದರೆ ಇಲ್ಲಿ ಒಂದೊಂದೇ ಸಾಲು ತಿದ್ದುತ್ತಾ ಕೂತರೆ ಉಸಿರು ಕಟ್ಟುತ್ತವೆ.

ನಿಮಗೆ ಎರಡೂ ಬೇಕಾದರೆ, ಬಹಳಷ್ಟು ಕಂಪನಿಗಳಿಗೆ ಬೇಕೇ ಬೇಕು, ಎರಡು ಡೇಟಾಬೇಸ್ ಇಡಿ. ಎಲ್ಲವನ್ನೂ ಒಂದರಲ್ಲೇ ಮಾಡುತ್ತೇವೆ ಅನ್ನುವ ಉತ್ಪನ್ನಗಳೂ ಇವೆ. ಅವುಗಳ ಮಾತನ್ನು 6ನೇ ಹಂತದ ಪರೀಕ್ಷೆ ಆದಮೇಲೆ ನಂಬಿ.

ಎಚ್ಚರಿಕೆ: ತಿಂಗಳ ಕೊನೆಯ ರಿಪೋರ್ಟನ್ನು ಮುಖ್ಯ ಸರ್ವರ್‌ನಲ್ಲಿ ಓಡಿಸಬೇಡಿ. ‘ರೆಪ್ಲಿಕಾದಲ್ಲಿ ಓಡಿಸುತ್ತೇವೆ ಬಿಡಿ’ ಅನ್ನುವವರಿಗೆ ಒಂದು ಮಾತು. ರೆಪ್ಲಿಕಾ ಅಂದರೆ ಮುಖ್ಯ ಸರ್ವರ್‌ನ ಪ್ರತಿ, ಬದಲಾವಣೆಗಳನ್ನು ಹಿಂದೆಯೇ ಹೇರಿಕೊಳ್ಳುತ್ತಾ ಬರುವಂಥದ್ದು. ಪೋಸ್ಟ್‌ಗ್ರೆಸ್‌ನ ರೆಪ್ಲಿಕಾದಲ್ಲಿ ದೊಡ್ಡ ಕ್ವೆರಿ ಓಡುತ್ತಿರುವಾಗ, ಅದು ಓದುತ್ತಿರುವ ಹಳೆಯ ಸಾಲುಗಳನ್ನು ಮುಖ್ಯ ಸರ್ವರ್ ಗುಡಿಸಿ ಹಾಕಿದರೆ, ರೆಪ್ಲಿಕಾ ಸ್ವಲ್ಪ ಕಾದು ಕ್ವೆರಿಯನ್ನೇ ಕತ್ತರಿಸುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಆ ಕಾಯುವಿಕೆ 30 ಸೆಕೆಂಡು. ನಲವತ್ತು ನಿಮಿಷದ ರಿಪೋರ್ಟು ಮತ್ತೆ ಮತ್ತೆ ಸಾಯುವುದಕ್ಕೆ ಕಾರಣ ಬಹಳ ಸಲ ಇದೇ. ಈ ಸೆಟ್ಟಿಂಗನ್ನು ಬದಲಿಸಬಹುದು, ಆದರೆ ಆಗ ರೆಪ್ಲಿಕಾ ಹಿಂದೆ ಬೀಳುತ್ತದೆ.

ಹಂತ 3: ಎಷ್ಟು ಕಳೆದುಕೊಂಡರೆ ತಡೆದುಕೊಳ್ಳುತ್ತೀರಿ?

ಇದನ್ನು ವ್ಯವಹಾರದವರ ಬಾಯಿಂದಲೇ ಕೇಳಿ. ಎರಡು ಅಂಕಿ ಸಾಕು. ಆರ್‌ಪಿಓ: ಅನಾಹುತವಾದರೆ ಎಷ್ಟು ನಿಮಿಷದ ಡೇಟಾ ಹೋದರೆ ಪರವಾಗಿಲ್ಲ. ಆರ್‌ಟಿಓ: ಎಷ್ಟು ಹೊತ್ತಿನಲ್ಲಿ ಮತ್ತೆ ಎದ್ದು ನಿಲ್ಲಬೇಕು.

ಮೊದಲ ಉತ್ತರ ಯಾವಾಗಲೂ ‘ಸೊನ್ನೆ, ಸೊನ್ನೆ’. ಆಗ ಬೆಲೆ ಹೇಳಿ. ವರ್ಷದಲ್ಲಿ 99.9 ಶೇಕಡಾ ಲಭ್ಯತೆ ಅಂದರೆ ಸುಮಾರು 8 ಗಂಟೆ 45 ನಿಮಿಷ ನಿಂತಿರಬಹುದು. 99.99 ಅಂದರೆ 53 ನಿಮಿಷ. 99.999 ಅಂದರೆ ಐದು ನಿಮಿಷ ಚಿಲ್ಲರೆ. ಒಂದೊಂದು ಒಂಬತ್ತು ಸೇರಿದಾಗಲೂ ಯಂತ್ರ, ಜನ, ಲೈಸೆನ್ಸ್ ಎಲ್ಲದರ ಖರ್ಚೂ ಏರುತ್ತದೆ.

ಡೇಟಾ ಒಂದಿಷ್ಟೂ ಹೋಗಬಾರದು ಅಂದರೆ ಸಿಂಕ್ರೊನಸ್ ರೆಪ್ಲಿಕೇಶನ್ ಬೇಕು. ಅಂದರೆ ಎರಡನೇ ಸರ್ವರ್ ‘ಬರೆದುಕೊಂಡೆ’ ಅನ್ನುವವರೆಗೆ ಮೊದಲನೆಯದು ಗ್ರಾಹಕನಿಗೆ ‘ಆಯಿತು’ ಅನ್ನುವುದಿಲ್ಲ. ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಫೈಬರ್ ಕೇಬಲ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 200 ಕಿಲೋಮೀಟರ್ ಹೋಗುತ್ತದೆ. ಎರಡನೇ ಸರ್ವರ್ 1,000 ಕಿಲೋಮೀಟರ್ ದೂರವಿದ್ದರೆ ಹೋಗಿಬರುವುದಕ್ಕೇ ಕನಿಷ್ಠ 10 ಮಿಲಿಸೆಕೆಂಡು. ಪ್ರತಿಯೊಂದು ಕಮಿಟ್‌ಗೂ, ಅಂದರೆ ಬದಲಾವಣೆಯನ್ನು ಪಕ್ಕಾ ಮಾಡುವ ಪ್ರತಿ ಸಲವೂ, ಇಷ್ಟು ಸೇರುತ್ತದೆ. ಯಾವ ಕಂಪನಿಯ ಡೇಟಾಬೇಸ್ ತಂದರೂ ಇದು ಕಡಿಮೆಯಾಗುವುದಿಲ್ಲ.

ಇದೇ ಹಂತದಲ್ಲಿ ಇನ್ನೊಂದು ವಿಷಯ ನೋಡಬೇಕು: ಐಸೊಲೇಶನ್. ಇಬ್ಬರು ಒಂದೇ ಸಾಲನ್ನು ಒಂದೇ ಹೊತ್ತಿನಲ್ಲಿ ಮುಟ್ಟಿದಾಗ ಡೇಟಾಬೇಸ್ ಅವರನ್ನು ಎಷ್ಟು ಬೇರೆ ಬೇರೆ ಇಡುತ್ತದೆ ಅನ್ನುವುದು. ಸ್ಟಾಕ್‌ನಲ್ಲಿ ಒಂದೇ ವಸ್ತು ಉಳಿದಿದೆ ಅಂದುಕೊಳ್ಳಿ. ಇಬ್ಬರು ಗ್ರಾಹಕರು ಒಟ್ಟಿಗೆ ಬಂದರು. ಇಬ್ಬರ ಪರವಾಗಿಯೂ ನಿಮ್ಮ ಕೋಡ್ ಸ್ಟಾಕ್ ಓದಿತು. ಇಬ್ಬರಿಗೂ 1 ಕಂಡಿತು. ಇಬ್ಬರೂ ಅದನ್ನು 0 ಅಂತ ಬರೆದರು. ಒಂದು ವಸ್ತು, ಎರಡು ಬಿಲ್. ಡೇಟಾಬೇಸ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ.

ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಮೂರರಲ್ಲೂ ಮೂಲ ಸೆಟ್ಟಿಂಗ್ ‘ರೀಡ್ ಕಮಿಟೆಡ್’, ಅಂದರೆ ಬೇರೆಯವರು ಪಕ್ಕಾ ಮಾಡಿದ್ದನ್ನು ಮಾತ್ರ ಓದುವುದು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಯಲ್ಲಿ (ಡೇಟಾ ಇಡುವ ಒಳಗಿನ ಎಂಜಿನ್) ‘ರಿಪೀಟಬಲ್ ರೀಡ್’, ಅಂದರೆ ಒಂದು ಕೆಲಸದ ನಡುವೆ ಮತ್ತೆ ಓದಿದರೂ ಮೊದಲಿನದೇ ಕಾಣುವುದು. ಮೇಲಿನ ಅನಾಹುತ ಈ ನಾಲ್ಕರಲ್ಲೂ ಆಗಬಹುದು. ಪರಿಹಾರ ಕೋಡ್‌ನಲ್ಲಿದೆ. ‘ಸ್ಟಾಕ್ 1ಕ್ಕಿಂತ ಕಡಿಮೆ ಇಲ್ಲದಿದ್ದರೆ ಮಾತ್ರ ಒಂದು ಕಳೆ’ ಅಂತ ಒಂದೇ ಅಪ್‌ಡೇಟ್‌ನಲ್ಲಿ ಹೇಳಿ, ಎಷ್ಟು ಸಾಲು ಬದಲಾಯಿತು ಅಂತ ನೋಡಿ. ಸೊನ್ನೆ ಬಂದರೆ ವಸ್ತು ಖಾಲಿ.

ಹಂತ 4: ಪಟ್ಟಿಯನ್ನು ಎರಡಕ್ಕೆ ಇಳಿಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಣ, ಸ್ಟಾಕ್, ಆರ್ಡರ್ ಇರುವ ಕಡೆ ರಿಲೇಶನಲ್ ಡೇಟಾಬೇಸ್‌ನಿಂದಲೇ ಶುರು ಮಾಡಿ. ಅಂದರೆ ಟೇಬಲ್, ಸಾಲು, ಕಾಲಂ, ಅವುಗಳ ಜೊತೆ ಮಾತಾಡುವ ಎಸ್‌ಕ್ಯೂಎಲ್ ಭಾಷೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಈ ಮಾದರಿಯನ್ನು ಮುಂದಿಟ್ಟರು. ಇಂದಿಗೂ ವ್ಯವಹಾರದ ಲೆಕ್ಕಕ್ಕೆ ಇದಕ್ಕಿಂತ ನಂಬಿಕಸ್ಥವಾದದ್ದು ಬಂದಿಲ್ಲ. ತಂಡಕ್ಕೆ ಈಗಾಗಲೇ ಚೆನ್ನಾಗಿ ಗೊತ್ತಿರುವುದು ಒಂದನೇ ಅಭ್ಯರ್ಥಿ. ಏನೂ ಗೊತ್ತಿಲ್ಲದಿದ್ದರೆ ಪೋಸ್ಟ್‌ಗ್ರೆಸ್. ಅದನ್ನು ಬಿಟ್ಟು ಬೇರೆಯದಕ್ಕೆ ಹೋಗಲು ಬರೆದಿಡಬಹುದಾದ ಕಾರಣ ಬೇಕು.

ಪೋಸ್ಟ್‌ಗ್ರೆಸ್: ಲೈಸೆನ್ಸ್ ಶುಲ್ಕವಿಲ್ಲ, ಒಬ್ಬ ಮಾಲೀಕನಿಲ್ಲ, ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷ ತಿದ್ದುಪಡಿ ಸಿಗುತ್ತದೆ. ತೊಂದರೆ ಎಲ್ಲಿ? ಸಾಲನ್ನು ತಿದ್ದಿದಾಗ ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಪ್ರತಿ ಬರೆಯುತ್ತದೆ. ಹಳೆಯವನ್ನು ಆಮೇಲೆ ‘ವ್ಯಾಕ್ಯೂಮ್’ ಅನ್ನುವ ಕೆಲಸ ಗುಡಿಸಬೇಕು. ಯಾರೋ ಒಂದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಬದಲಾವಣೆಗಳ ಕಟ್ಟು) ತೆರೆದು ಮುಚ್ಚದೆ ಮನೆಗೆ ಹೋದರೆ ರಾತ್ರಿಯಿಡೀ ಗುಡಿಸುವುದಾಗುವುದಿಲ್ಲ, ಟೇಬಲ್ ಊದಿಕೊಳ್ಳುತ್ತದೆ. ಒಂದೇ ಟೇಬಲ್‌ಗೆ ಹತ್ತಾರು ಇಂಡೆಕ್ಸ್ ಹಾಕಿ ಸದಾ ಅಪ್‌ಡೇಟ್ ಮಾಡುವವರಿಗೆ ಇದು ಭಾರ. ಊಬರ್ ಕಂಪನಿ 2013ರ ಹೊತ್ತಿಗೆ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬಂದು, ಆಮೇಲೆ ಮತ್ತೆ ಮೈಎಸ್‌ಕ್ಯೂಎಲ್‌ಗೆ ಹೋದ ಕಥೆಯನ್ನು 2016ರಲ್ಲಿ ತಾನೇ ಬರೆದುಕೊಂಡಿತ್ತು. ಈ ಬರವಣಿಗೆಯ ಭಾರ ಅದಕ್ಕೆ ಒಂದು ಮುಖ್ಯ ಕಾರಣ. ಒಂದೇ ಕಂಪನಿ ಎರಡು ದಿಕ್ಕಿನಲ್ಲೂ ಹೋಗಿದೆ ನೋಡಿ. ಯಾವುದು ಮೇಲು ಅನ್ನುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಮೈಎಸ್‌ಕ್ಯೂಎಲ್: ಸರಳ ಓದು-ಬರಹಕ್ಕೆ ಚುರುಕು, ಅನುಭವಿಗಳು ಸುಲಭವಾಗಿ ಸಿಗುತ್ತಾರೆ. ಒಂದು ಮಿತಿ ನೆನಪಿರಲಿ. ಪಾರ್ಟಿಶನ್ ಮಾಡಿದ, ಅಂದರೆ ತಿಂಗಳಿಗೊಂದರಂತೆ ತುಂಡು ಮಾಡಿಟ್ಟ ಟೇಬಲ್‌ನಲ್ಲಿ ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ನಿಯಮ) ಇಡಲಾಗುವುದಿಲ್ಲ. ಇನ್ನೊಂದು, ‘ಒರಾಕಲ್ ಕಂಪನಿಯ ಸಹವಾಸ ಬೇಡ’ ಅಂತ ಮೈಎಸ್‌ಕ್ಯೂಎಲ್‌ಗೆ ಬರುವವರಿದ್ದಾರೆ. 2010ರಿಂದ ಅದರ ಮಾಲೀಕರು ಒರಾಕಲ್ಲೇ!

ಒರಾಕಲ್ ಮತ್ತು ಎಸ್‌ಕ್ಯೂಎಲ್ ಸರ್ವರ್: ಎರಡೂ ಗಟ್ಟಿ. ನೀವು ಕೊಳ್ಳುವ ಇಆರ್‌ಪಿ (ಇಡೀ ಕಂಪನಿಯ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್) ಅಥವಾ ಬ್ಯಾಂಕಿಂಗ್ ಸಾಫ್ಟ್‌ವೇರ್ ಇವುಗಳ ಮೇಲೆ ಮಾತ್ರ ನಡೆಯುತ್ತದೆ ಅಂದರೆ ಚರ್ಚೆ ಮುಗಿಯಿತು, ಇದನ್ನೇ ತಗೊಳ್ಳಿ. ಸಾಫ್ಟ್‌ವೇರ್ ಒಪ್ಪದ ಡೇಟಾಬೇಸ್ ಮೇಲೆ ಅದನ್ನು ಓಡಿಸುವ ಸಾಹಸ ಬೇಡ.

ಮೊಂಗೋಡಿಬಿ: ಒಂದೊಂದು ದಾಖಲೆಯ ಆಕಾರವೂ ಬೇರೆ ಬೇರೆ ಇದ್ದು, ಒಂದನ್ನು ಪೂರ್ತಿಯಾಗಿ ಓದಿ ಪೂರ್ತಿಯಾಗಿ ಬರೆಯುವ ಕೆಲಸಕ್ಕೆ ಸರಿ. ಹಲವು ದಾಖಲೆಗಳನ್ನು ಒಟ್ಟಿಗೆ ಬದಲಿಸುವ ಟ್ರಾನ್ಸಾಕ್ಷನ್ 2018ರ 4.0 ಆವೃತ್ತಿಯಿಂದ ಇದೆ. ಒಂದು ದಾಖಲೆ 16 ಎಂಬಿ ಮೀರಬಾರದು. ಡೇಟಾ ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ಇಲ್ಲಿಗೆ ಬರಬೇಡಿ.

ಕಾಕ್ರೋಚ್‌ಡಿಬಿ, ಯುಗಬೈಟ್, ಟಿಐಡಿಬಿ, ಗೂಗಲ್‌ನ ಸ್ಪ್ಯಾನರ್: ಇವು ಎಸ್‌ಕ್ಯೂಎಲ್ ಮಾತಾಡುತ್ತವೆ, ಡೇಟಾವನ್ನು ತಾವೇ ಹಲವು ಸರ್ವರ್‌ಗಳಿಗೆ ಹಂಚಿಕೊಳ್ಳುತ್ತವೆ. ಒಂದು ಸರ್ವರ್ ನಿಜವಾಗಿಯೂ ಸಾಲದಿದ್ದಾಗ, ಇಲ್ಲವೇ ಡೇಟಾ ಹಲವು ಪ್ರದೇಶಗಳಲ್ಲಿ ಜೀವಂತವಾಗಿರಬೇಕಾದಾಗ ನೋಡಿ. ಒಂದೊಂದು ಬರವಣಿಗೆಗೂ ಹಲವು ಸರ್ವರ್ ಒಪ್ಪಬೇಕಾದ್ದರಿಂದ ಸಣ್ಣ ಕೆಲಸ ಇಲ್ಲಿ ನಿಧಾನವೇ ಆಗುತ್ತದೆ.

ಹಂತ 5: ಲೈಸೆನ್ಸ್ ಕಾಗದ ಓದಿ

ಬೇಜಾರಿನ ಕೆಲಸ, ಆದರೆ ಮಾಡಲೇಬೇಕು. ಒರಾಕಲ್‌ನ ಎಂಟರ್‌ಪ್ರೈಸ್ ಆವೃತ್ತಿ ಮತ್ತು ಎಸ್‌ಕ್ಯೂಎಲ್ ಸರ್ವರ್‌ನ ದೊಡ್ಡ ಬಳಕೆ ಕೋರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಕೋರ್ ಅಂದರೆ ಪ್ರೊಸೆಸರ್ ಒಳಗಿನ ಒಂದೊಂದು ಲೆಕ್ಕಗಾರ. ಯಂತ್ರ ದೊಡ್ಡದು ಮಾಡಿದರೆ ಲೈಸೆನ್ಸೂ ದೊಡ್ಡದಾಗುತ್ತದೆ.

ಕೆಳಗಿನ ಆವೃತ್ತಿಗಳಿಗೆ ಮಿತಿ ಇದೆ. ಒರಾಕಲ್ ಸ್ಟ್ಯಾಂಡರ್ಡ್ ಎಡಿಷನ್ 2 ಗರಿಷ್ಠ ಎರಡು ಸಾಕೆಟ್‌ನ (ಪ್ರೊಸೆಸರ್ ಕೂರಿಸುವ ಜಾಗ) ಸರ್ವರ್‌ಗೆ ಮಾತ್ರ, ಒಟ್ಟಿಗೆ ಹೆಚ್ಚೆಂದರೆ 16 ಸಿಪಿಯು ಥ್ರೆಡ್ (ಪ್ರೊಸೆಸರ್ ಒಟ್ಟಿಗೆ ಮಾಡುವ ಕೆಲಸದ ಎಳೆ) ಬಳಸುತ್ತದೆ. ಎಸ್‌ಕ್ಯೂಎಲ್ ಸರ್ವರ್ 2022ರ ಸ್ಟ್ಯಾಂಡರ್ಡ್‌ಗೆ ಡೇಟಾ ಇಟ್ಟುಕೊಳ್ಳಲು 128 ಜಿಬಿ ಮೆಮೊರಿ, 24 ಕೋರ್ ಮಿತಿ. 512 ಜಿಬಿ ಮೆಮೊರಿಯ ಯಂತ್ರ ಕೊಂಡು ಅದರ ಮೇಲೆ ಈ ಆವೃತ್ತಿ ಹಾಕಿದರೆ ಉಳಿದದ್ದು ಸುಮ್ನೆ ಕೂತಿರುತ್ತದೆ.

ದೊಡ್ಡ ಗುಂಡಿ ಇದು: ಒರಾಕಲ್ ಎಂಟರ್‌ಪ್ರೈಸ್‌ನಲ್ಲಿ ಪಾರ್ಟಿಶನಿಂಗ್‌ಗೆ ಬೇರೆ ದುಡ್ಡು. ಕಾರ್ಯಕ್ಷಮತೆ ನೋಡುವ ಡಯಾಗ್ನೋಸ್ಟಿಕ್ಸ್ ಪ್ಯಾಕ್‌ಗೂ ಬೇರೆ. ಆದರೆ ಇನ್‌ಸ್ಟಾಲ್ ಮಾಡಿದಾಗ ಆ ಪ್ಯಾಕ್ ತಾನಾಗಿಯೇ ತೆರೆದಿರುತ್ತದೆ. ನಿಮ್ಮ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು, ಆ ಪ್ಯಾಕ್‌ನ ಒಂದು ಎಡಬ್ಲ್ಯುಆರ್ (ಕಾರ್ಯಕ್ಷಮತೆಯ) ರಿಪೋರ್ಟ್ ತೆಗೆದರೆ ಅದು ಬಳಕೆ ಅಂತ ದಾಖಲಾಗುತ್ತದೆ, ಆಡಿಟ್‌ನಲ್ಲಿ ಕಾಣುತ್ತದೆ. ಕೊಂಡಿಲ್ಲದಿದ್ದರೆ ಮೊದಲ ದಿನವೇ ಆ ಪ್ಯಾಕ್ ತೆರೆದಿಡುವ ಸೆಟ್ಟಿಂಗ್ ಮುಚ್ಚಿ.

ಮಾರಾಟಗಾರರಿಗೆ ಈ ಪ್ರಶ್ನೆಗಳನ್ನು ಇಮೇಲ್‌ನಲ್ಲೇ ಕೇಳಿ, ಬಾಯಿಮಾತಿಗೆ ಬಿಡಬೇಡಿ: ಸ್ಟ್ಯಾಂಡ್‌ಬೈ ಸರ್ವರ್‌ಗೆ, ಅಂದರೆ ಮುಖ್ಯದ್ದು ಬಿದ್ದರೆ ಅದರ ಜಾಗಕ್ಕೆ ಬರಲು ಕಾದಿರುವುದಕ್ಕೆ, ಲೈಸೆನ್ಸ್ ಬೇಕಾ? ಟೆಸ್ಟಿಂಗ್ ಸರ್ವರ್‌ಗೆ? ವರ್ಚುವಲ್ ಮಷಿನ್ ಒಳಗೆ ಓಡಿಸಿದರೆ ಅದರ ಕೋರ್ ಮಾತ್ರ ಲೆಕ್ಕವಾ, ಇಡೀ ಯಂತ್ರದ್ದಾ? ವರ್ಷದ ಬೆಂಬಲ ಶುಲ್ಕ ಎಷ್ಟು ಏರಬಹುದು?

ಕ್ಲೌಡ್‌ನಲ್ಲಿ ನಡೆಸಿಕೊಡುವ ಸೇವೆ ತಗೊಂಡರೆ ಪ್ಯಾಚ್, ಬ್ಯಾಕಪ್ ತಲೆನೋವು ಕಡಿಮೆ. ಡೇಟಾ ಹೊರಗೆ ಒಯ್ಯುವುದಕ್ಕೆ ಶುಲ್ಕವಿದೆಯಾ, ಬೆಳೆಸಿದ ಡಿಸ್ಕನ್ನು ಮತ್ತೆ ಕುಗ್ಗಿಸಬಹುದಾ ಅಂತ ನೋಡಿ. ಉಚಿತ ಡೇಟಾಬೇಸ್ ಅನ್ನುವವರೂ ಅದನ್ನು ನೋಡಿಕೊಳ್ಳುವವರ ಸಂಬಳವನ್ನು ಲೆಕ್ಕಕ್ಕೆ ಸೇರಿಸಲಿ.

ಹಂತ 6: ನಿಮ್ಮದೇ ಡೇಟಾ ಹಾಕಿ ಪರೀಕ್ಷಿಸಿ

ಈಗ ಪಟ್ಟಿಯಲ್ಲಿ ಎರಡು ಉಳಿದಿರಬೇಕು. ಟಿಪಿಸಿ-ಸಿ (ಡೇಟಾಬೇಸ್‌ಗಳ ವೇಗ ಹೋಲಿಸುವ ಸಿದ್ಧ ಪರೀಕ್ಷೆ) ಅಂಕಿ, ಬ್ರೋಷರಿನ ಗ್ರಾಫ್ ಇವನ್ನು ಪಕ್ಕಕ್ಕಿಡಿ. ಅವು ಬೇರೆ ಯಾರದೋ ಕೆಲಸದ ಅಳತೆ. ಹ್ಯಾಮರ್‌ಡಿಬಿ, ಸಿಸ್‌ಬೆಂಚ್, ಪಿಜಿಬೆಂಚ್ ಅನ್ನುವ ಪರೀಕ್ಷಾ ಸಾಧನಗಳು ಯಂತ್ರ ಸರಿಯಿದೆಯಾ ಅಂತ ನೋಡಲು ಸಾಕು, ತೀರ್ಮಾನಕ್ಕೆ ಸಾಲದು.

ಮೊದಲು ಡೇಟಾ. ಎರಡು ವರ್ಷದ ಆಮೇಲೆ ಇರಬಹುದಾದಷ್ಟು ತುಂಬಿಸಿ. ಡೇಟಾ ಮೆಮೊರಿಯೊಳಗೇ ಹಿಡಿಸುವಷ್ಟಿದ್ದರೆ ಎಲ್ಲ ಡೇಟಾಬೇಸೂ ಚುರುಕಾಗಿಯೇ ಕಾಣುತ್ತದೆ. ಗ್ರಾಹಕರ ಹೆಸರು, ಫೋನ್ ಮುಂತಾದವನ್ನು ಅಳಿಸಿ ಇಲ್ಲವೇ ಬದಲಿಸಿ ಬಳಸಿ. ಆದರೆ ಹಂಚಿಕೆ ಹಾಗೇ ಇರಲಿ. ಇದು ಮುಖ್ಯ. ನಿಜವಾದ ವ್ಯವಹಾರದಲ್ಲಿ ಕೆಲವೇ ವಸ್ತುಗಳು ಸಿಕ್ಕಾಪಟ್ಟೆ ಮಾರಾಟವಾಗುತ್ತವೆ, ಉಳಿದವು ಮೂಲೆಯಲ್ಲಿರುತ್ತವೆ. ಎಲ್ಲ ವಸ್ತುವೂ ಸಮನಾಗಿ ಹೋಗುವಂತೆ ನಕಲಿ ಡೇಟಾ ಮಾಡಿದರೆ, ನಿಮ್ಮನ್ನು ಮುಂದೆ ಕೆಡವಲಿರುವ ಸಮಸ್ಯೆ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಆ ಸಮಸ್ಯೆಯ ಹೆಸರು ಬಿಸಿ ಸಾಲು. ರಿಯಾಯಿತಿ ಮಾರಾಟದ ದಿನ ಎಲ್ಲರೂ ಒಂದೇ ವಸ್ತುವಿನ ಮೇಲೆ ಬೀಳುತ್ತಾರೆ. ಆ ವಸ್ತುವಿನ ಸ್ಟಾಕ್ ಇರುವುದು ಒಂದೇ ಸಾಲಿನಲ್ಲಿ. ಒಬ್ಬರು ಆ ಸಾಲನ್ನು ತಿದ್ದುತ್ತಿರುವಾಗ ಅದಕ್ಕೆ ಲಾಕ್ ಬೀಳುತ್ತದೆ. ಮಿಕ್ಕವರು ಅವರ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಕಾಯಬೇಕು. ನಿಮ್ಮ ಕೋಡ್ ಮೊದಲು ಸ್ಟಾಕ್ ಕಳೆದು, ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಪಾವತಿ ಗೇಟ್‌ವೇಯನ್ನು ಕರೆದು, ಅದರ ಉತ್ತರಕ್ಕೆ 800 ಮಿಲಿಸೆಕೆಂಡು ಕಾದು, ಆಮೇಲೆ ಕಮಿಟ್ ಮಾಡುತ್ತದೆ ಅಂದುಕೊಳ್ಳಿ. ಆ ವಸ್ತುವನ್ನು ನಾಲ್ಕು ಸೆಕೆಂಡಿಗೆ ಐದು ಜನ ಮಾತ್ರ ಕೊಳ್ಳಬಹುದು. 128 ಕೋರ್‌ನ ಯಂತ್ರ ತಂದರೂ ಅಷ್ಟೇ, ಅತಿ ದುಬಾರಿ ಲೈಸೆನ್ಸ್ ತಂದರೂ ಅಷ್ಟೇ. ಪಾವತಿಯ ಕರೆಯನ್ನು ಟ್ರಾನ್ಸಾಕ್ಷನ್ ಹೊರಗೆ ತೆಗೆಯಿರಿ: ಮೊದಲು ಸ್ಟಾಕ್ ಕಾದಿರಿಸಿ ಕಮಿಟ್ ಮಾಡಿ, ಪಾವತಿ ಆಗದಿದ್ದರೆ ವಾಪಸ್ ಸೇರಿಸಿ. ಆಗ ಲಾಕ್ 5 ಮಿಲಿಸೆಕೆಂಡಿಗೆ ಇಳಿದರೆ ಸೆಕೆಂಡಿಗೆ 200 ಜನ. ‘ಡೇಟಾಬೇಸ್ ನಿಧಾನ’ ಅಂತ ಹೊಸ ಡೇಟಾಬೇಸ್ ಹುಡುಕಲು ಹೊರಟವರು ಮೊದಲು ಇದನ್ನು ನೋಡಿಕೊಳ್ಳಲಿ.

ಕನೆಕ್ಷನ್‌ಗಳ ಲೆಕ್ಕವೂ ಇದೇ ಥರ. ಸೆಕೆಂಡಿಗೆ 210 ಆರ್ಡರ್, ಒಂದೊಂದು 50 ಮಿಲಿಸೆಕೆಂಡು ಹಿಡಿದರೆ, ಯಾವುದೇ ಕ್ಷಣದಲ್ಲಿ ಸರಾಸರಿ ಕೆಲಸದಲ್ಲಿರುವ ಕನೆಕ್ಷನ್ 11 ಸಾಕು. ಅದರ ಮೂರು ನಾಲ್ಕು ಪಟ್ಟು ಇಡಿ, ಸರಿ. ಆದರೆ ಬಹಳ ಕಡೆ ಎರಡು ಸಾವಿರ ಇಟ್ಟಿರುತ್ತಾರೆ! ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ ಒಂದೊಂದು ಪ್ರತ್ಯೇಕ ಪ್ರೊಸೆಸ್, ಮೂಲ ಮಿತಿ 100. ಅದಕ್ಕೇ ಪಿಜಿಬೌನ್ಸರ್‌ನಂಥ ಪೂಲರ್ ಇಡುವುದು. ಪೂಲರ್ ಅಂದರೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಸರದಿಯಲ್ಲಿ ಕೊಡುವ ಮಧ್ಯವರ್ತಿ.

ಅಳೆಯುವಾಗ ಸರಾಸರಿ ಬಿಡಿ, ಪಿ99 ನೋಡಿ. ನೂರರಲ್ಲಿ 99 ಕ್ವೆರಿ ಎಷ್ಟು ಹೊತ್ತಿನೊಳಗೆ ಮುಗಿದವು ಅನ್ನುವ ಅಂಕಿ ಅದು. ‘ನೂರರಲ್ಲಿ ಒಂದು ನಿಧಾನವಾದರೆ ಏನಂತೆ’ ಅನ್ನಬೇಡಿ. ಒಂದು ಆರ್ಡರ್‌ಗೆ 15 ಕ್ವೆರಿ ಇದ್ದರೆ, ಅದರಲ್ಲಿ ಒಂದಾದರೂ ನಿಧಾನವಾಗುವ ಸಾಧ್ಯತೆ ನೂರಕ್ಕೆ 14. ಅಂದರೆ ಏಳು ಗ್ರಾಹಕರಲ್ಲಿ ಒಬ್ಬರು ಕಾಯುತ್ತಾರೆ.

ಪರೀಕ್ಷೆ ಹತ್ತು ನಿಮಿಷದ್ದಾಗಬಾರದು. ಕನಿಷ್ಠ ಒಂದು ಪೂರ್ತಿ ದಿನ ಓಡಿಸಿ. ವ್ಯಾಕ್ಯೂಮ್, ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಬರೆಯುವ ಕೆಲಸ), ಬ್ಯಾಕಪ್ ಇವೆಲ್ಲ ನಡುವೆ ಬರಲಿ. ಬ್ಯಾಕಪ್ ನಡೆಯುವ ಹೊತ್ತಿಗೆ ಸರಿಯಾಗಿ ಪೀಕ್ ಲೋಡ್ ಕೊಡಿ. ಒಂದು ದೊಡ್ಡ ಟೇಬಲ್‌ಗೆ ಹೊಸ ಕಾಲಂ ಸೇರಿಸಿ, ಹೊಸ ಇಂಡೆಕ್ಸ್ ಕಟ್ಟಿ. ಆಮೇಲೆ ಮುಖ್ಯ ಸರ್ವರ್‌ನ ವಿದ್ಯುತ್ ಕಿತ್ತುಹಾಕಿ. ಸ್ಟ್ಯಾಂಡ್‌ಬೈ ಎಷ್ಟು ಸೆಕೆಂಡಿನಲ್ಲಿ ಎದ್ದಿತು, ನಿಮ್ಮ ಆ್ಯಪ್ ತಾನಾಗಿಯೇ ಅದಕ್ಕೆ ಅಂಟಿಕೊಂಡಿತಾ ಅಥವಾ ಯಾರಾದರೂ ರೀಸ್ಟಾರ್ಟ್ ಮಾಡಬೇಕಾಯಿತಾ, ಬರೆದುಕೊಳ್ಳಿ.

ಹಂತ 7: ಬ್ಯಾಕಪ್ ಅಲ್ಲ, ರಿಸ್ಟೋರ್

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್, ಸ್ಟ್ಯಾಂಡ್‌ಬೈ ಅಂದುಕೊಂಡು ಮುಖ್ಯ ಡೇಟಾಬೇಸ್‌ನ ಫೋಲ್ಡರನ್ನೇ ಅಳಿಸಿದರು. ಬ್ಯಾಕಪ್ ಮತ್ತು ರೆಪ್ಲಿಕೇಶನ್‌ಗೆ ಅವರಲ್ಲಿ ಐದು ವ್ಯವಸ್ಥೆಗಳಿದ್ದವು. ಒಂದೂ ನೆಟ್ಟಗೆ ಕೈಹಿಡಿಯಲಿಲ್ಲ. ದಿನದ ಡಂಪ್ (ಇಡೀ ಡೇಟಾದ ನಕಲು) ತೆಗೆಯುವ ಪ್ರೋಗ್ರಾಂ ಪೋಸ್ಟ್‌ಗ್ರೆಸ್‌ನ ಹಳೆಯ ಆವೃತ್ತಿಯದಾಗಿದ್ದರಿಂದ ಸದ್ದಿಲ್ಲದೆ ಸೋಲುತ್ತಿತ್ತು. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಕೈಯಿಂದ ತೆಗೆದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕಿನ ಪ್ರತಿ, ಇತ್ತು. ಆ ಆರು ಗಂಟೆಯ ಡೇಟಾ ಹೋಯಿತು. ಇದನ್ನೆಲ್ಲ ಮುಚ್ಚಿಡದೆ ಬರೆದರಲ್ಲ, ಅದಕ್ಕೆ ಮೆಚ್ಚಬೇಕು.

ಆಯ್ಕೆ ಮಾಡುವಾಗಲೇ ರಿಸ್ಟೋರ್ ಸಮಯ ಅಳೆಯಿರಿ. 1.3 ಟಿಬಿಯನ್ನು ಸೆಕೆಂಡಿಗೆ 200 ಎಂಬಿ ವೇಗದಲ್ಲಿ ನಕಲು ಮಾಡಲು ಒಂದು ಗಂಟೆ 48 ನಿಮಿಷ ಬೇಕು. ಅದಾದಮೇಲೆ ಬ್ಯಾಕಪ್ ನಂತರದ ಬದಲಾವಣೆಗಳ ಲಾಗ್ ಹೇರಬೇಕು. 3ನೇ ಹಂತದಲ್ಲಿ ಆರ್‌ಟಿಓ ಅರ್ಧ ಗಂಟೆ ಅಂತ ಬರೆದಿದ್ದರೆ ಬ್ಯಾಕಪ್ ಒಂದರಿಂದ ಅದು ಆಗದ ಮಾತು. ರೆಪ್ಲಿಕಾ ಇದೆ ಅಂತ ಬ್ಯಾಕಪ್ ಬಿಡುವವರಿಗೆ: ಯಾರಾದರೂ ಟೇಬಲ್ ಅಳಿಸಿದರೆ ರೆಪ್ಲಿಕಾ ಅದನ್ನೂ ಚಾಚೂ ತಪ್ಪದೆ ನಕಲು ಮಾಡುತ್ತದೆ.

ಹಂತ 8: ಹಳೆಯದರಿಂದ ಹೊಸದಕ್ಕೆ

ಹೊಸ ವ್ಯವಸ್ಥೆ ಮಾತ್ರ ಕಟ್ಟುವವರು ಇದನ್ನು ಬಿಡಬಹುದು. ಮಿಕ್ಕವರಿಗೆ, ಬೇಗ ಮುಗಿಯುತ್ತದೆ ಅಂದುಕೊಳ್ಳಬೇಡಿ. ಅಮೆಜಾನ್ ತನ್ನ ಗ್ರಾಹಕ ವ್ಯವಹಾರವನ್ನು ಒರಾಕಲ್‌ನಿಂದ ಬಿಡಿಸಿಕೊಂಡದ್ದನ್ನು 2019ರಲ್ಲಿ ಪ್ರಕಟಿಸಿತು: ಸುಮಾರು 7,500 ಡೇಟಾಬೇಸ್, 75 ಪೆಟಾಬೈಟ್ ಡೇಟಾ. ಅದೂ ಒಂದೇ ಡೇಟಾಬೇಸ್‌ಗೆ ಹೋಗಲಿಲ್ಲ, ಕೆಲಸ ನೋಡಿ ಹಲವು ಕಡೆಗೆ ಹಂಚಿಕೊಂಡಿತು.

ಟೇಬಲ್ ಸಾಗಿಸುವುದು ಸುಲಭ. ಡೇಟಾಬೇಸ್ ಒಳಗೇ ಬರೆದ ಪ್ರೋಗ್ರಾಂಗಳು, ಒರಾಕಲ್‌ನ ಪಿಎಲ್-ಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್‌ನ ಟಿ-ಎಸ್‌ಕ್ಯೂಎಲ್, ಇವೇ ಕಷ್ಟ. ಎಷ್ಟು ಸಾಲು ಕೋಡ್ ಒಳಗಿದೆ ಅಂತ ಮೊದಲು ಎಣಿಸಿ. ಜೊತೆಗೆ ಈ ಸಣ್ಣಪುಟ್ಟವು ಕಾಡುತ್ತವೆ:

ಒರಾಕಲ್ ಒಂದಕ್ಷರವೂ ಇಲ್ಲದ ಖಾಲಿ ಪಠ್ಯವನ್ನು ‘ನಲ್’ ಅಂದರೆ ಮೌಲ್ಯವೇ ಇಲ್ಲ ಅಂತ ತಿಳಿಯುತ್ತದೆ. ಪೋಸ್ಟ್‌ಗ್ರೆಸ್‌ಗೆ ಅವೆರಡೂ ಬೇರೆ. ‘ನಲ್ ಇರುವವರನ್ನು ಹುಡುಕು’ ಅನ್ನುವ ಹಳೆಯ ಕ್ವೆರಿ ಹೊಸ ಕಡೆ ಅರ್ಧ ಜನರನ್ನು ಬಿಟ್ಟುಬಿಡಬಹುದು.

ಮೈಎಸ್‌ಕ್ಯೂಎಲ್ ಮೂಲ ಸೆಟ್ಟಿಂಗ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಒಂದೇ ಅನ್ನುತ್ತದೆ. ಪೋಸ್ಟ್‌ಗ್ರೆಸ್ ಅನ್ನುವುದಿಲ್ಲ. ಲಾಗಿನ್ ಇಮೇಲ್‌ಗಳಲ್ಲಿ ಇದು ತಕ್ಷಣ ತಲೆಯೆತ್ತುತ್ತದೆ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಕೋಡ್‌ಪಾಯಿಂಟ್, ಅಂದರೆ ಅಕ್ಷರ ಅಥವಾ ಚಿಹ್ನೆಗೆ ಕೊಟ್ಟ ಸಂಖ್ಯೆ, 3 ಬೈಟ್. ‘ಕನ್ನಡ’ ಅಂತ ಬರೆದರೆ ಐದು ಕೋಡ್‌ಪಾಯಿಂಟ್, 15 ಬೈಟ್. ಒರಾಕಲ್‌ನಲ್ಲಿ ಕಾಲಂ ಅಗಲ ಮೂಲತಃ ಬೈಟ್ ಲೆಕ್ಕ, ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರ ಲೆಕ್ಕ. 30 ಅಂತ ಇಟ್ಟ ಹೆಸರಿನ ಕಾಲಂ ಒಂದು ಕಡೆ ಹಿಡಿಸಿ ಇನ್ನೊಂದು ಕಡೆ ಹಿಡಿಸದೆ ಹೋಗಬಹುದು. ಮೈಎಸ್‌ಕ್ಯೂಎಲ್‌ಗೆ ಹೋಗುವವರು ‘ಯುಟಿಎಫ್8ಎಂಬಿ4’ ಆರಿಸಿ. ಅದರ ಹಳೆಯ ‘ಯುಟಿಎಫ್8’ 3 ಬೈಟಿಗೇ ನಿಲ್ಲುತ್ತದೆ, ಎಮೋಜಿ ಹಿಡಿಸುವುದಿಲ್ಲ.

ಹಣದ ಕಾಲಂ ಎಲ್ಲಿಯೂ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಆಗಬಾರದು. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಡೆಸಿಮಲ್ ಅಥವಾ ನ್ಯೂಮರಿಕ್ ಬಳಸಿ.

ಬದಲಾಯಿಸುವ ದಿನಕ್ಕೆ ಮೊದಲು ಕೆಲವು ವಾರ ಎರಡೂ ಕಡೆ ಡೇಟಾ ಹರಿಯಲಿ. ಪ್ರತಿ ರಾತ್ರಿ ಸಾಲುಗಳ ಎಣಿಕೆ ಮತ್ತು ಮೊತ್ತಗಳನ್ನು ತಾಳೆ ನೋಡಿ. ದಿನದ ಒಟ್ಟು ಬಿಲ್ ಮೊತ್ತ ಎರಡೂ ಕಡೆ ಕೊನೆಯ ಪೈಸೆವರೆಗೆ ಒಂದೇ ಇರಬೇಕು. ಬದಲಾಯಿಸಿದ ಮೇಲೆ ಹೊಸದರಿಂದ ಹಳೆಯದಕ್ಕೆ ಉಲ್ಟಾ ರೆಪ್ಲಿಕೇಶನ್ ಇಡಿ, ವಾಪಸ್ ಹೋಗಬೇಕಾದರೆ ಆ ನಡುವಿನ ಆರ್ಡರ್‌ಗಳು ಕಳೆಯುವುದಿಲ್ಲ. ಕನಿಷ್ಠ ಒಂದು ತಿಂಗಳ ಲೆಕ್ಕ ಮುಚ್ಚುವವರೆಗೆ ಹಳೆಯ ಸರ್ವರ್ ನಿಲ್ಲಿಸಬೇಡಿ. ಯಾವತ್ತು ನಿಲ್ಲಿಸುವುದು, ಯಾರ ಒಪ್ಪಿಗೆಯ ಮೇಲೆ ಅನ್ನುವುದನ್ನು 1ನೇ ಹಂತದ ಹಾಳೆಯ ಹಿಂಬದಿಯಲ್ಲೇ ಬರೆದಿಡಿ.